ತಡವಾಗುವುದು ಸಾಲಿನಲ್ಲಿ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಒಳ್ಳೆಯ ಸ್ಪೀಡಿನ ಇಂಟರ್ನೆಟ್ ಇದೆ. ಆದರೂ ಪಕ್ಕದ ಕೋಣೆಯಲ್ಲಿ ಯಾರೋ ಫೋಟೊ ಅಪ್‌ಲೋಡ್ ಮಾಡಿದ ಕೂಡಲೇ ನಿಮ್ಮ ವಿಡಿಯೊ ಕಾಲ್ ತಡವರಿಸುತ್ತದೆ, ಅಲ್ವಾ? ಸ್ಪೀಡ್ ಸಾಲದು ಅಂತ ಎಲ್ಲರೂ ದೊಡ್ಡ ಪ್ಲಾನ್ ಹಾಕಿಸಲು ಓಡುತ್ತಾರೆ. ದಯವಿಟ್ಟು ಸ್ವಲ್ಪ ನಿಲ್ಲಿ. ಇಲ್ಲಿ ತಡವಾಗುವುದು ದಾರಿಯಲ್ಲಲ್ಲ, ಸಾಲಿನಲ್ಲಿ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ.

ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜುಗಳು ಒಂದೇ ಲೈನನ್ನು ಹಲವು ಕರೆಗಳಿಗೆ ಹಂಚುತ್ತವೆ. ಪ್ರತಿ ಕರೆಗೂ ಸೆಕೆಂಡಿಗೆ 8000 ಸಲ ಸರದಿ ಬರುತ್ತದೆ. ನೀವು ಮಾತಾಡಿ, ಸುಮ್ನೆ ಇರಿ, ಆ ಸರದಿ ನಿಮಗೇ ಮೀಸಲು. ಕಾಯುವ ಮಾತಿಲ್ಲ, ಆದರೆ ಜಾಗ ಪೋಲು. ಇಂಟರ್ನೆಟ್ಟಿನಂಥ ಪ್ಯಾಕೆಟ್ ಜಾಲದಲ್ಲಿ ಡೇಟಾ ಪ್ಯಾಕೆಟ್ ಎಂಬ ತುಂಡುಗಳಾಗಿ ಹೋಗುತ್ತದೆ, ಮೀಸಲೇ ಇಲ್ಲ. ಬಂದವರಿಗೆ ಲೈನು. ಜಾಗ ಉಳಿಯಿತು, ಸಾಲು ಹುಟ್ಟಿತು. ಬಸ್‌ಸ್ಟ್ಯಾಂಡಿನ ಕೌಂಟರಿನಲ್ಲಿ ನಿಮಗೆ ಬೇಕಿರುವುದು ಒಂದು ಟಿಕೆಟ್, ಮುಂದಿರುವವರು ಇಡೀ ದಿಬ್ಬಣಕ್ಕೆ ಕೊಳ್ಳುತ್ತಿದ್ದರೆ ಏನು ಮಾಡುತ್ತೀರಿ? 64 ಕಿಲೋಬಿಟ್ ಲೈನಿನಲ್ಲಿ 1500 ಬೈಟಿನ ಒಂದು ಪ್ಯಾಕೆಟ್ ಹೊರಡಲು ಸುಮಾರು 188 ಮಿಲಿಸೆಕೆಂಡು ಬೇಕು. ಅದರ ಹಿಂದೆ ಸಿಕ್ಕಿಕೊಂಡ ಮಾತು ಅಷ್ಟು ಹೊತ್ತೂ ಕಾಯಬೇಕು.

ಇದಕ್ಕೆ ಪರಿಹಾರ ಹುಡುಕಿದ ಕಥೆ ನನಗೆ ಬಹಳ ಇಷ್ಟ. 1980ರ ದಶಕದಲ್ಲಿ ಎಟಿಎಂ ಎಂಬ ಜಾಲ ಪದ್ಧತಿ ರೂಪುಗೊಳ್ಳುತ್ತಿತ್ತು. ಬ್ಯಾಂಕಿನ ಎಟಿಎಂ ಅಲ್ಲ. ಎಲ್ಲರ ಡೇಟಾವನ್ನೂ ಒಂದೇ ಅಳತೆಯ ಸಣ್ಣ ತುಂಡು ಮಾಡಿದರೆ ಯಾರೂ ದೊಡ್ಡ ಪ್ಯಾಕೆಟ್ಟಿನ ಹಿಂದೆ ಸಿಕ್ಕಿಕೊಳ್ಳುವುದಿಲ್ಲ. ಸರಿ, ತುಂಡು ಎಷ್ಟು ದೊಡ್ಡದಿರಬೇಕು? ಅಮೆರಿಕದವರು 64 ಬೈಟ್ ಅಂದರು. ಯುರೋಪಿನವರು 32 ಅಂದರು. ಫೋನಿನ ಮಾತು 32 ಬೈಟ್ ತುಂಬಲು 4 ಮಿಲಿಸೆಕೆಂಡು ಬೇಕು, 64 ತುಂಬಲು 8. ತಡ ಹೆಚ್ಚಿದರೆ ನಮ್ಮದೇ ದನಿ ಪ್ರತಿಧ್ವನಿಯಾಗಿ ಕಿವಿಗೆ ಬೀಳುತ್ತದೆ. ಫ್ರಾನ್ಸಿನಂಥ ದೇಶದಲ್ಲಿ ತುಂಡು ಸಣ್ಣದಿದ್ದರೆ ಪ್ರತಿಧ್ವನಿ ಅಳಿಸುವ ಉಪಕರಣವಿಲ್ಲದೆ ದೇಶದೊಳಗಿನ ಕರೆ ಸಾಗಿಸಬಹುದಿತ್ತು. ಅಮೆರಿಕ ಅಗಲವಾದ ದೇಶ, ಅಲ್ಲಿ ಆ ಉಪಕರಣ ಹೇಗೂ ಬೇಕು. ಕೊನೆಗೆ ಚೌಕಾಸಿ ಆಗಿ ನಟ್ಟನಡುವೆ ನಿಂತರು: 48. ವಿಳಾಸಕ್ಕೆ 5 ಸೇರಿ 53 ಬೈಟ್. ನಾಲ್ಕು ಮಿಲಿಸೆಕೆಂಡಿಗೆ ಅಷ್ಟು ಹಟ ಹಿಡಿದರು ನೋಡಿ! ಇವತ್ತು ಎಷ್ಟೋ ಮನೆಗಳ ರೂಟರಿನಲ್ಲಿ ಅರ್ಧ ಸೆಕೆಂಡಿನ ಸಾಲು ನಿಂತರೂ ಯಾರೂ ಕೇಳುವುದಿಲ್ಲ. ನನಗೆ ಇದು ಸಹಿಸಲು ಆಗುವುದಿಲ್ಲ.

ಸಮಯ ಕಡಿಮೆ ಇದೆ, ಬೇಗ ಹೇಳಿಬಿಡುತ್ತೇನೆ. ಸರಳ ಲೆಕ್ಕದಲ್ಲಿ, ಲೈನು ಅರ್ಧ ತುಂಬಿದ್ದರೆ ಪ್ಯಾಕೆಟ್ಟಿಗೆ ಖಾಲಿ ಲೈನಿನಲ್ಲಿ ಹಿಡಿಯುವುದರ ಸರಾಸರಿ ಎರಡರಷ್ಟು ಹೊತ್ತು ಹಿಡಿಯುತ್ತದೆ. ಶೇ. 90 ತುಂಬಿದರೆ ಹತ್ತರಷ್ಟು. ಶೇ. 95ಕ್ಕೆ ಇಪ್ಪತ್ತರಷ್ಟು. ಸ್ಪೀಡ್ ಬದಲಾಗಿಲ್ಲ, ಸಾಲು ಬೆಳೆಯಿತು. 2012ರಲ್ಲಿ ಜಾಲ ಸಂಶೋಧಕರಾದ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ಉಪಾಯ ಕೊಟ್ಟರು. ಸಾಲಿನಲ್ಲಿ ಕಾಯುವುದು 5 ಮಿಲಿಸೆಕೆಂಡಿಗಿಂತ ಜಾಸ್ತಿಯಾಗಿ ಹಾಗೇ ಉಳಿದರೆ ರೂಟರ್ ಕೆಲವು ಪ್ಯಾಕೆಟ್ ಎಸೆದುಬಿಡುತ್ತದೆ. ಕಳುಹಿಸುವವರು ಆಗ ತಾವೇ ನಿಧಾನಿಸುತ್ತಾರೆ.

ಅಪ್‌ಲೋಡ್ ಇಲ್ಲದಾಗ ಒಮ್ಮೆ, ಇರುವಾಗ ಒಮ್ಮೆ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶವೊಂದು ಹೋಗಿ ಬರಲು ಎಷ್ಟು ಹೊತ್ತು ಬೇಕು ಅಂತ ಅಳೆದು ನೋಡಿ. ಅಂತರ ದೊಡ್ಡದಿದ್ದರೆ ರೂಟರ್ ಸೆಟ್ಟಿಂಗಿನಲ್ಲಿ ಎಸ್‌ಕ್ಯೂಎಂ (SQM), ಅಂದರೆ ಸಾಲನ್ನು ಹೀಗೆ ಹದ್ದುಬಸ್ತಿನಲ್ಲಿಡುವ ವ್ಯವಸ್ಥೆ, ಇದೆಯಾ ಹುಡುಕಿ, ಆನ್ ಮಾಡಿ. ಅದರ ಮಿತಿಯನ್ನು ಲೈನಿನ ಸ್ಪೀಡಿಗಿಂತ ಸ್ವಲ್ಪ ಕಡಿಮೆ ಇಡಿ. ಆಗ ಸಾಲು ನಿಮ್ಮ ರೂಟರಿನಲ್ಲೇ ನಿಲ್ಲುತ್ತದೆ, ಅದನ್ನು ಚಿಕ್ಕದಾಗಿಡುವುದು ನಿಮ್ಮ ಕೈಯಲ್ಲಿರುತ್ತದೆ. ನಮಸ್ಕಾರ.