ಮಣ್ಣಿನಲ್ಲಿ ಹೂತ ರೇಷ್ಮೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಟ್ಟೆಗೆ ತುಕ್ಕಿನ ಕಲೆ ಬಿದ್ದರೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ ಎಂಬುದು ನಿಮಗೆ ಗೊತ್ತು. ನಿಂಬೆಹಣ್ಣು, ಉಪ್ಪು ಉಜ್ಜಿ ಬಿಸಿಲಿಗೆ ಹಾಕುತ್ತಾರೆ. ಅಷ್ಟಕ್ಕೂ ಹೋಗದಿದ್ದರೆ ಆ ಸೀರೆ ಮದುವೆ ಮುಂಜಿಗಳಿಗೆ ಹೋಗುವುದು ನಿಂತು ಅಡುಗೆಮನೆಯ ಸೀರೆಯಾಗುತ್ತದೆ, ಇನ್ನೆರಡು ವರ್ಷಕ್ಕೆ ಕೌದಿಯ ಒಳಗೆ ಸೇರುತ್ತದೆ. ಟ್ರಂಕಿನ ಮೂಲೆಯಿಂದಲೋ ಬಟ್ಟೆ ನೇತುಹಾಕಿದ ಮೊಳೆಯಿಂದಲೋ ಬಂದ ಆ ಕಂದು ಕಲೆ ನಮಗೆ ನಷ್ಟದ ಲೆಕ್ಕ.

1993ರಲ್ಲಿ ಲಂಡನ್ನಿನ ಒಬ್ಬ ವಿದ್ಯಾರ್ಥಿ ಇದನ್ನು ಬೇಕೆಂದೇ ಮಾಡಿದರು. ಪದವಿಯ ಕೊನೆಯ ಪ್ರದರ್ಶನಕ್ಕೆಂದು ಹೊಲಿದ ರೇಷ್ಮೆಯ ಉಡುಪುಗಳಿಗೆ ಕಬ್ಬಿಣದ ಅರಪುಡಿ ಹಾಕಿ, ಸ್ನೇಹಿತರ ಹಿತ್ತಿಲಿನಲ್ಲಿ ಹೂತುಬಿಟ್ಟರು. ಕೆಲವು ವಾರ ಕಳೆದ ಮೇಲೆ ಅಗೆದು ತೆಗೆದರು. ಮಣ್ಣಿನ ತೇವಕ್ಕೆ ಕಬ್ಬಿಣ ತುಕ್ಕು ಹಿಡಿದಿತ್ತು, ತುಕ್ಕು ರೇಷ್ಮೆಯೊಳಗೆ ಇಳಿದಿತ್ತು. ಎಲ್ಲಿ ಎಷ್ಟು ಬಣ್ಣ ಕೂರಬೇಕು ಎಂಬುದನ್ನು ವಿನ್ಯಾಸಕರು ನಿರ್ಧರಿಸಿರಲಿಲ್ಲ, ಮಣ್ಣು ನಿರ್ಧರಿಸಿತ್ತು. ಅವರ ಹೆಸರು ಹುಸೇನ್ ಚಲಾಯನ್. ಓದುತ್ತಿದ್ದದ್ದು ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಕಾಲೇಜಿನಲ್ಲಿ. ಆ ಸಂಗ್ರಹಕ್ಕೆ ಇಟ್ಟ ಹೆಸರು 'ದಿ ಟ್ಯಾಂಜೆಂಟ್ ಫ್ಲೋಸ್'.

ಕಬ್ಬಿಣದಿಂದ ಬಟ್ಟೆಗೆ ಬಣ್ಣ ಕಟ್ಟುವುದು ನಮ್ಮ ಕಡೆಯವರಿಗೆ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಪಕ್ಕದ ಆಂಧ್ರದ ಶ್ರೀಕಾಳಹಸ್ತಿಯ ಕಲಂಕಾರಿಯವರು ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಹುಳಿಬರಿಸುತ್ತಾರೆ. ಅಳಲೆಕಾಯಿಯ ಒಗರು ಕುಡಿದ ಬಟ್ಟೆಯ ಮೇಲೆ ಆ ರಸದಿಂದ ಗೆರೆ ಎಳೆದರೆ ಅಚ್ಚ ಕಪ್ಪು ಬರುತ್ತದೆ. ಆದರೆ ಅಲ್ಲಿ ಗೆರೆಯ ಮೇಲೆ ಕೈಯ ಹಿಡಿತ ಇರುತ್ತದೆ. ಚಲಾಯನ್ ಆ ಹಿಡಿತವನ್ನೇ ಬಿಟ್ಟುಕೊಟ್ಟರು. ಪರೀಕ್ಷೆಗೆ ಒಪ್ಪಿಸಬೇಕಾದ ಕೆಲಸವನ್ನು ಹೀಗೆ ಮಣ್ಣಿಗೆ ಒಪ್ಪಿಸುವುದಕ್ಕೆ ಎಂಟೆದೆ ಬೇಕು. ಅಗೆದಾಗ ಬರೀ ಚಿಂದಿ ಸಿಕ್ಕಿದ್ದರೆ? ಹೊಲಿಗೆ ಕಲಿಸುತ್ತಾ ತಲೆ ನರೆತ ನನ್ನಂಥವಳಿಗೆ ಮೊದಲು ಹೊಳೆಯುವುದು ಅದೇ. ಕಬ್ಬಿಣ ರೇಷ್ಮೆಯ ಎಳೆಯನ್ನು ನಿಧಾನವಾಗಿ ತಿನ್ನುತ್ತದೆ ಎಂಬುದೂ ನಿಜ. ಅಂಥ ಬಟ್ಟೆಗೆ ದೀರ್ಘಾಯುಷ್ಯ ಇಲ್ಲ.

ಲಂಡನ್ನಿನ ಬ್ರೌನ್ಸ್ ಎಂಬ ಅಂಗಡಿ ಆ ತುಕ್ಕುಬಟ್ಟೆಗಳನ್ನು ತರಿಸಿ ತನ್ನ ಗಾಜಿನ ಕಿಟಕಿಯಲ್ಲಿಟ್ಟಿತು. ಒಂಬತ್ತು ವರ್ಷ ಮೊದಲು, 1984ರಲ್ಲಿ, ಮುಂದೆ ಹೆಸರಾಂತ ವಿನ್ಯಾಸಕರಾದ ಜಾನ್ ಗಲಿಯಾನೊ ಅವರ ಪದವಿ ಸಂಗ್ರಹವನ್ನು ಕೊಂಡು ಕಿಟಕಿಯಲ್ಲಿಟ್ಟದ್ದೂ ಇದೇ ಅಂಗಡಿ. ಗಲಿಯಾನೊ ತಮ್ಮ ಸಂಗ್ರಹವನ್ನು ಫ್ರೆಂಚ್ ಕ್ರಾಂತಿಯ ಕಾಲದ ಷೋಕಿಲಾಲರಿಂದ ಎತ್ತಿಕೊಂಡಿದ್ದರು. 1992ರಲ್ಲಿ, ಮುಂದೆ ಅಷ್ಟೇ ಹೆಸರು ಮಾಡಿದ ಇನ್ನೊಬ್ಬ ವಿನ್ಯಾಸಕ ಅಲೆಕ್ಸಾಂಡರ್ ಮೆಕ್ವೀನ್ ತಮ್ಮ ಎಂ.ಎ. ಸಂಗ್ರಹಕ್ಕೆ ಲಂಡನ್ನಿನ ಕುಖ್ಯಾತ ಕೊಲೆಗಡುಕ ಜ್ಯಾಕ್ ದಿ ರಿಪ್ಪರ್‌ನ ಕಥೆಯನ್ನು ಹಿಡಿದರು. ಇಸಾಬೆಲ್ಲಾ ಬ್ಲೋ ಎಂಬ ಫ್ಯಾಷನ್ ಪತ್ರಕರ್ತೆ ಅದನ್ನು ಇಡಿಯಾಗಿ ಕೊಂಡು, ಹಣವನ್ನು ಕಂತಿನಲ್ಲಿ ತೀರಿಸಿದರು. ಮೂವರೂ ಒಂದೇ ಕಾಲೇಜಿನಲ್ಲಿ ಕಲಿತವರು. ಕಂತಿನಲ್ಲಿ ಸೀರೆ ಕೊಳ್ಳುವ ನಮ್ಮ ಹೆಂಗಸರಿಗೆ ಇಸಾಬೆಲ್ಲಾ ಅವರ ಕಷ್ಟ ಬೇಗ ಅರ್ಥವಾದೀತು.

ಈಗಿನ ವಿದ್ಯಾರ್ಥಿಗಳು ಮೊದಲು ಮಾಡುವ ಕೆಲಸ ಮೂಡ್ ಬೋರ್ಡ್. ದೊಡ್ಡ ರಟ್ಟಿನ ಮೇಲೆ ಚಿತ್ರಗಳನ್ನು ಅಂಟಿಸಿ 'ಇದು ನನ್ನ ಸ್ಫೂರ್ತಿ' ಎನ್ನುತ್ತಾರೆ. ನವಿಲುಗರಿ, ಹಂಪಿಯ ಕಲ್ಲಿನ ರಥ, ಸಮುದ್ರದ ಮೇಲಿನ ಸೂರ್ಯಾಸ್ತ. ಕೊನೆಗೆ ಹೊಲಿದು ತಂದದ್ದನ್ನು ನೋಡಿದರೆ ಕಲ್ಲಿನ ರಥ ಕುರ್ತಾದ ಬೆನ್ನ ಮೇಲೆ ಅಚ್ಚಾಗಿ ಕುಳಿತಿರುತ್ತದೆ. ನಾನು ಅವರನ್ನು ಬೈಯುವುದಿಲ್ಲ, ನನ್ನ ಕಾಲದಲ್ಲಿ ನಾವು ಮಾಡಿದ್ದೂ ಅದನ್ನೇ. ಆದರೆ ಒಂದು ಪ್ರಶ್ನೆ ಕೇಳುತ್ತೇನೆ: ಈ ರಥ ನಿನ್ನ ಬಟ್ಟೆಗೆ ಏನು ಮಾಡಿತು? ಕತ್ತರಿ ಹಾಕುವ ಜಾಗ ಬದಲಾಯಿತೇ? ನೆರಿಗೆ ಬೇರೆಯಾಯಿತೇ? ಚಿತ್ರ ತೆಗೆದರೆ ಉಳಿಯುವುದು ಮಾಮೂಲಿ ಕುರ್ತಾ ಎಂದಾದರೆ, ಸ್ಫೂರ್ತಿ ಇನ್ನೂ ರಟ್ಟಿನ ಮೇಲೆಯೇ ಇದೆ.

ಚಲಾಯನ್ ಅವರ ಸಂಗ್ರಹಗಳನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡಬೇಕು. ಪದವಿ ಮುಗಿಸಿದ ಎರಡು ವರ್ಷಕ್ಕೆ ಅವರು ಕಾಗದದಂಥ, ಹರಿಯದ ಟೈವೆಕ್ ಎಂಬ ವಸ್ತುವಿನಿಂದ ಉಡುಪುಗಳನ್ನು ಮಾಡಿದರು. ಅಂಚಿಗೆ ವಿಮಾನದ ಅಂಚೆಯ ನೀಲಿ ಕೆಂಪು ಪಟ್ಟಿ. 1995ರಲ್ಲಿ ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ತಮ್ಮ ಆಲ್ಬಮ್ಮಿನ ಮುಖಪುಟದಲ್ಲಿ ತೊಟ್ಟದ್ದು ಅಂಥದೇ ಒಂದು ಜಾಕೆಟ್. ಮುಂದೆ ಅದೇ ವಿಚಾರದಿಂದ, ಮಡಚಿದರೆ ಲಕೋಟೆಯಾಗುವ, ಬಿಡಿಸಿದರೆ ಮೈಗೆ ತೊಡಬಹುದಾದ ಉಡುಪೂ ಬಂತು. ಇನ್‌ಲ್ಯಾಂಡ್ ಪತ್ರವನ್ನು ಮೂರು ಮಡಿಕೆ ಮಾಡಿ, ನಾಲಿಗೆಯಿಂದ ಒದ್ದೆಮಾಡಿ ಅಂಟಿಸಿದವರಿಗೆ ಇದರ ಸೊಗಸು ವಿವರಿಸಬೇಕಾಗಿಲ್ಲ. ಅಂಚೆಯ ಚಿತ್ರ ಬಟ್ಟೆಯ ಮೇಲೆ ಬಂದು ಕೂರಲಿಲ್ಲ, ಬಟ್ಟೆಯೇ ಅಂಚೆಯಾಯಿತು. ದೂರ ಇರುವವರಿಗೆ ಮಾತಿನ ಬದಲು ಮೈಯ ಆಕಾರವನ್ನೇ ಮಡಚಿ ಕಳುಹಿಸಿದಂತೆ.

ದೂರ ಎಂದೆ. ಚಲಾಯನ್ ಹುಟ್ಟಿದ್ದು 1970ರಲ್ಲಿ, ಸೈಪ್ರಸ್ ದ್ವೀಪದ ನಿಕೋಸಿಯಾದಲ್ಲಿ, ತುರ್ಕಿ ಮಾತನಾಡುವ ಕುಟುಂಬದಲ್ಲಿ. ಗ್ರೀಕರೂ ತುರ್ಕರೂ ಅಕ್ಕಪಕ್ಕ ಬಾಳಿದ ಆ ದ್ವೀಪದಲ್ಲಿ 1963ರಿಂದಲೇ ಹೊಡೆದಾಟ ಶುರುವಾಗಿ ಎಷ್ಟೋ ತುರ್ಕಿ ಮನೆತನಗಳು ಊರು ಬಿಟ್ಟಿದ್ದವು. 1974ರಲ್ಲಿ ದ್ವೀಪ ಎರಡಾಯಿತು, ಎರಡೂ ಕಡೆಯವರು ಮನೆ ಬಿಟ್ಟು ಓಡಿದರು. ನಿಕೋಸಿಯಾದ ನಡುವೆ ಎಳೆದ ಗೆರೆಯನ್ನು ಜನ ದಾಟಲು ಅವಕಾಶವಾದದ್ದು 2003ರಲ್ಲಿ. ಹುಡುಗ ಚಲಾಯನ್ ಸೈಪ್ರಸ್ ಮತ್ತು ಲಂಡನ್ನಿನ ನಡುವೆ ಬೆಳೆದರು.

ಅವರು ಎಲ್ಲ ಕಡೆ ಗೆದ್ದರು ಎಂದೇನೂ ತಿಳಿಯಬೇಡಿ. 1999 ಮತ್ತು 2000ದಲ್ಲಿ ಬ್ರಿಟನ್ನಿನ ವರ್ಷದ ವಿನ್ಯಾಸಕ ಎಂಬ ಪ್ರಶಸ್ತಿ ಎರಡು ಸಲ ಬಂದ ಬೆನ್ನಿಗೇ ಅವರ ಕಂಪನಿ ಸಾಲ ತೀರಿಸಲಾಗದೆ ಬಾಗಿಲು ಹಾಕಿತು. ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. 2007ರ ವಸಂತಕ್ಕೆಂದು ಮಾಡಿದ ಸಂಗ್ರಹದಲ್ಲಿ ಉಡುಪುಗಳೊಳಗೆ ಮೋಟರು, ತಂತಿಗಳನ್ನಿಟ್ಟು, ನೋಡುತ್ತಿದ್ದಂತೆಯೇ ಲಂಗ ತಾನಾಗಿ ಮೇಲೇರುವ, ಕೊರಳಪಟ್ಟಿ ತಾನಾಗಿ ತೆರೆದುಕೊಳ್ಳುವ ಹಾಗೆ ಮಾಡಿದರು. ನೂರಹನ್ನೊಂದು ವರ್ಷದ ಫ್ಯಾಷನ್ನು ಕೆಲವೇ ನಿಮಿಷಗಳಲ್ಲಿ ಸರಿದುಹೋಗುತ್ತದೆ. ಜನ ಬೆರಗಾದರು. ನನಗೆ ಅದು ಜಾಣ ಯಂತ್ರವಾಗಿ ಕಂಡಿತೇ ಹೊರತು ಎದೆಗೆ ತಟ್ಟಲಿಲ್ಲ.

ಎದೆಗೆ ತಟ್ಟಿದ್ದು 2000ದ ಫೆಬ್ರವರಿಯಲ್ಲಿ ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದಲ್ಲಿ ನಡೆದ 'ಆಫ್ಟರ್‌ವರ್ಡ್ಸ್'. ನಾನು ನೋಡಿದ್ದು ಅದರ ಚಿತ್ರೀಕರಣವನ್ನು ಮಾತ್ರ. ರಂಗದ ಮೇಲೆ ಬಿಳಿ ಗೋಡೆಯ ಒಂದು ಕೋಣೆ. ನಾಲ್ಕು ಕುರ್ಚಿ, ನಡುವೆ ದುಂಡಗಿನ ಮರದ ಮೇಜು. ಮೊದಲು ಒಂದು ಕುಟುಂಬ ಬಂದು ಕುಳಿತು, ಎದ್ದು ಹೋಗುತ್ತದೆ. ಆಮೇಲೆ ರೂಪದರ್ಶಿಗಳು ಬಂದು ಕೋಣೆಯ ಸಣ್ಣಪುಟ್ಟ ವಸ್ತುಗಳನ್ನು ಒಂದೊಂದಾಗಿ ಎತ್ತಿ ಉಡುಪಿನ ಜೇಬುಗಳಿಗೆ ಸೇರಿಸಿಕೊಂಡು ಹೊರಡುತ್ತಾರೆ. ಕೊನೆಗೆ ನಾಲ್ವರು ಕುರ್ಚಿಗಳ ಬಟ್ಟೆಯ ಹೊದಿಕೆಯನ್ನು ಕಳಚಿ ಮೈಗೆ ತೊಡುತ್ತಾರೆ. ಹೊಲಿಗೆಯಲ್ಲಿ ಕಿಂಚಿತ್ತೂ ತಪ್ಪಿಲ್ಲ, ಕುರ್ಚಿಯ ಅಳತೆಗೂ ಕೂತಿದೆ, ಭುಜದ ಅಳತೆಗೂ ಕೂತಿದೆ. ಕುರ್ಚಿಗಳ ಕಟ್ಟು ಮಡಚಿಕೊಂಡು ಸೂಟ್‌ಕೇಸಾಗುತ್ತದೆ. ಇನ್ನೊಬ್ಬಳು ಮೇಜಿನ ನಡುವಿನ ಬಿಲ್ಲೆಯನ್ನು ತೆಗೆದು, ಒಳಗೆ ಕಾಲಿಟ್ಟು, ಮೇಲಕ್ಕೆ ಎಳೆಯುತ್ತಾಳೆ. ಮರದ ಬಳೆಗಳು ಒಂದರ ಕೆಳಗೊಂದು ಇಳಿದು ನಿಲ್ಲುತ್ತವೆ. ಮೇಜು ಲಂಗವಾಗಿದೆ.

ಕುಳಿತುಕೊಳ್ಳಲಾಗದ ಲಂಗವನ್ನು ಯಾರು ಉಡುತ್ತಾರೆ ಎಂದು ವಿದ್ಯಾರ್ಥಿಗಳು ನಗುತ್ತಾರೆ. ಯಾರೂ ಉಡುವುದಿಲ್ಲ. ಏಳು ವರ್ಷದ ಹಿಂದೆ ಬಟ್ಟೆಯನ್ನು ನೆಲದಲ್ಲಿ ಬಚ್ಚಿಟ್ಟ ಹುಡುಗನೇ ಈಗ ಇಡೀ ಮನೆಯನ್ನು ಬಟ್ಟೆಯಲ್ಲಿ ಬಚ್ಚಿಟ್ಟಿದ್ದಾನೆ ಎಂದು ನನಗೆ ಅನ್ನಿಸಿತು. ಇದು ನನ್ನ ಊಹೆ, ಅವರ ಮಾತಲ್ಲ. ಊರು ಬಿಡಬೇಕಾದ ಸೈಪ್ರಸ್ಸಿನ ಜನ ತಮ್ಮ ವಸ್ತುಗಳನ್ನು ಹೇಗೆ ಅಡಗಿಸಿಡುತ್ತಿದ್ದರು, ಹೇಗೆ ಹೊತ್ತೊಯ್ಯುತ್ತಿದ್ದರು ಎಂಬ ನೆನಪು ಈ ಪ್ರದರ್ಶನದ ಹಿಂದೆ ಇತ್ತು ಎಂಬುದನ್ನು ಮಾತ್ರ ಅವರೇ ಹೇಳಿದ್ದಾರೆ.

ನಮ್ಮ ಅಜ್ಜಿಯ ಮನೆ ಶರಾವತಿಯ ಮುಳುಗಡೆಯಲ್ಲಿ ಹೋಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವುದಕ್ಕೂ ಮೊದಲೇ ಅವರು ಗಾಡಿ ಕಟ್ಟಿದ್ದರು. ತಾಮ್ರದ ಪಾತ್ರೆಗಳು ಒಂದಕ್ಕೊಂದು ತಾಗಿ ನೆಗ್ಗಬಾರದೆಂದು ತನ್ನ ಸೀರೆಗಳನ್ನೇ ಸುತ್ತಿದ್ದಳು. ದಾರಿಯಲ್ಲಿ ಮಳೆ ಬಂದು, ಗಾಡಿಯ ಕಬ್ಬಿಣದ ಪಟ್ಟಿ ತಾಗಿದ ಕಡೆಯೆಲ್ಲ ಕಂದು ಗೆರೆಗಳು ಮೂಡಿದವು. ಅದರಲ್ಲೊಂದು ಸೀರೆ ಈಗಲೂ ನನ್ನ ಬಳಿ ಇದೆ, ಮಡಿಕೆ ಬಿಡಿಸಿದರೆ ಗೆರೆ ಇದ್ದಲ್ಲೇ ಹರಿಯುತ್ತದೆ.

ಪ್ರದರ್ಶನ ಮುಗಿಯುವ ಹೊತ್ತಿಗೆ ಆ ಬಿಳಿ ಕೋಣೆಯಲ್ಲಿ ಮನೆ ಎನ್ನುವಂಥದ್ದು ಏನೂ ಉಳಿದಿರುವುದಿಲ್ಲ. ನಮ್ಮ ಅಜ್ಜಿ ಗಾಡಿ ಹತ್ತುವ ಮುನ್ನ ಮತ್ತೆ ಒಳಗೆ ಹೋಗಿ, ಮುಳುಗಲಿರುವ ಆ ಖಾಲಿ ಮನೆಯನ್ನು ಒಮ್ಮೆ ಗುಡಿಸಿ ಬಂದಿದ್ದಳಂತೆ.

ನಮಸ್ಕಾರ.