ಯಾವ ನಿಮಿಷದಲ್ಲಿ ಕಿವಿ ಕೊಡಬೇಕು

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನಲ್ಲಿ ರಾಕ್ ಸಂಗೀತದ ಹುಚ್ಚಿನವರಿದ್ದಾರೆ ಎಂದರೆ ಹಲವರು ನಂಬುವುದಿಲ್ಲ. ಬದಿಯಡ್ಕ, ನೀರ್ಚಾಲು, ಕುಂಬಳೆ ಕಡೆಯವರು ಸೇರಿ ಮಾಡಿಕೊಂಡ ಒಂದು ವಾಟ್ಸಾಪ್ ಗುಂಪಿನಲ್ಲಿ ನಾನೂ ಇದ್ದೇನೆ. ಅಡಿಕೆ ಧಾರಣೆಯ ಸುದ್ದಿ ಹಾಕಬಾರದು ಎಂಬುದು ಅಲ್ಲಿನ ಏಕೈಕ ನಿಯಮ. ಅದನ್ನೂ ಯಾರೂ ಪಾಲಿಸುವುದಿಲ್ಲ ಅನ್ನಿ. ಉಳಿದಂತೆ ಬೆಳಗಿನಿಂದ ರಾತ್ರಿಯವರೆಗೆ ಹಾಡುಗಳ ಲಿಂಕು, ಹಳೆಯ ಕಛೇರಿಗಳ ನೆನಪು.

ನೆನಪುಗಳಲ್ಲಿ ಹೆಚ್ಚಿನವು ಬೆಂಗಳೂರಿನ ಅರಮನೆ ಮೈದಾನದವು. 2002ರಲ್ಲಿ ರಾಕ್ ಗಾಯಕ ರೋಜರ್ ವಾಟರ್ಸ್, ಮರುವರ್ಷ ರೋಲಿಂಗ್ ಸ್ಟೋನ್ಸ್ ತಂಡ, 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ತಂಡ ಅಲ್ಲಿಗೆ ಬಂದರು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡ. ಅದಕ್ಕೆ ಎರಡು ದಿನ ಮೊದಲು ಗುರ್‌ಗಾಂವ್‌ನಲ್ಲಿ ನಡೆಯಬೇಕಿದ್ದ ಅವರ ಕಛೇರಿ ಕೊನೇ ಗಳಿಗೆಯಲ್ಲಿ ನಿಂತುಹೋಗಿತ್ತು. ಹಾಗಾಗಿ ಭಾರತದಲ್ಲಿ ಅವರು ಮೊದಲು ನುಡಿಸಿದ್ದು ಬೆಂಗಳೂರಿನಲ್ಲೇ. ನಮ್ಮವರು ಶಿರಾಡಿ ಘಾಟಿಯ ರಾತ್ರಿ ಬಸ್ಸು ಹತ್ತಿ ಹೋಗಿ, ಮರುದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿರುವಾಗಲೇ ಊರಿಗೆ ಇಳಿದವರು.

ಇವರು ಹೇಳುವುದರಲ್ಲಿ ಒಂದು ವಿಷಯ ನನಗೆ ತುಂಬಾ ಇಷ್ಟ. ಹಿಂದೆ ನಿಂತವರೆಲ್ಲ ಹೇಳುವುದು: ಡ್ರಮ್ಮಿನ ಮೇಲೆ ಕೋಲು ಬಿದ್ದದ್ದು ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ಇದು ಭ್ರಮೆಯಲ್ಲ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ಹಿಂದೆ ನಿಂತವನಿಗೆ ಸೆಕೆಂಡಿನ ಮೂರನೇ ಒಂದು ಪಾಲಿಗೆ ಹತ್ತಿರದಷ್ಟು ತಡ. ದೊಡ್ಡ ಮೈದಾನದಲ್ಲಿ ನಡುವೆ ಇನ್ನೊಂದು ಸಾಲು ಸ್ಪೀಕರ್ ನಿಲ್ಲಿಸಿದರೆ ಅದನ್ನು ಬೇಕೆಂದೇ ಅಷ್ಟು ತಡವಾಗಿ ನುಡಿಸುತ್ತಾರೆ. ಇಲ್ಲದಿದ್ದರೆ ಒಂದೇ ಪೆಟ್ಟು ಎರಡು ಸಲ ಕೇಳಿಸೀತು.

ಇನ್ನು ಮೊಬೈಲಿನ ರೆಕಾರ್ಡಿಂಗು. ಅದನ್ನು ಯಾರಿಗೂ ಕಳಿಸಬೇಡಿ ಎಂಬುದು ನನ್ನ ವಿನಂತಿ. ಅಷ್ಟು ದೊಡ್ಡ ಸದ್ದನ್ನು ಆ ಪುಟ್ಟ ಮೈಕು ತಾಳುವುದಿಲ್ಲ. ಬಾಸ್ ಗಿಟಾರ್ ಬಂದಲ್ಲೆಲ್ಲ ಬರೀ ಗರಗರ. ಅಲ್ಲಿದ್ದವನಿಗೆ ಅದು ನಿಧಿ, ಉಳಿದವರಿಗೆ ತಲೆನೋವು.

ಹಾಡನ್ನು ಶಿಫಾರಸು ಮಾಡುವುದಾದರೆ ನಮ್ಮ ಯಕ್ಷಗಾನದಾಟದ ಮರುಳರ ಹಾಗೆ ಮಾಡಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನವರು ನಾವು. ಬಯಲಾಟ ನೋಡಿ ಬಂದವನು 'ಲಾಯಕ್ಕಾಗಿತ್ತು' ಎಂದಷ್ಟೇ ಹೇಳಿ ಸುಮ್ಮನಾಗುವುದುಂಟೇ? ಯಾವ ಪದ್ಯ, ಭಾಗವತರು ಅದನ್ನು ಯಾವ ರಾಗದಲ್ಲಿ ಎತ್ತಿಕೊಂಡರು, ಚೆಂಡೆ ಎಲ್ಲಿ ಸೇರಿತು, ಎಲ್ಲ ಬರಬೇಕು. ರಾಕ್ ಕೇಳುವವರು ಮಾತ್ರ ಹತ್ತು ಲಿಂಕು ಕಳಿಸಿ ಕೆಳಗೊಂದು ಬೆಂಕಿಯ ಇಮೋಜಿ ಒತ್ತಿ ಕೈತೊಳೆದುಕೊಳ್ಳುತ್ತಾರೆ. ಯಾರು ಕೇಳುತ್ತಾರೆ ಅದನ್ನು?

ನಮ್ಮ ಗುಂಪಿನ ಹಿರಿಯರೊಬ್ಬರು ಹೀಗಲ್ಲ. ಡೀಪ್ ಪರ್ಪಲ್ ತಂಡ 1972ರ ಆಗಸ್ಟ್‌ನಲ್ಲಿ ಜಪಾನಿನ ಒಸಾಕಾ, ಟೋಕಿಯೋಗಳಲ್ಲಿ ನುಡಿಸಿದ್ದು ಆಲ್ಬಮ್ಮಾಗಿ ಬಂದಿದೆ. ಅದನ್ನು ಕಳಿಸುವಾಗ ಅವರು ಬರೆದರು: 'ಗಾಯಕ ಇಯಾನ್ ಗಿಲನ್ ಸವಾಲು ಹಾಕಿದಂತೆ ಒಂದು ಕೂಗು ಹಾಕುತ್ತಾನೆ, ರಿಚಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಅದನ್ನೇ ತಿರುಗಿಸಿ ಕೊಡುತ್ತಾನೆ. ಆ ಜಾಗ ಬರುವವರೆಗೆ ಕಾಯಿರಿ.' ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ಕೇಳುತ್ತಿದ್ದವಳು, ಆ ಜಾಗ ಬಂದಾಗ ಕೈ ನಿಲ್ಲಿಸಿದೆ. ರಾಕ್ ಎಂದರೆ ಗದ್ದಲ ಎನ್ನುತ್ತಿದ್ದ ನನ್ನ ಅತ್ತೆಯೂ ತಿರುಗಿ ನೋಡಿದರು. ಗದ್ದಲವೇ ಹೌದು ಎಂಬ ಅವರ ಅಭಿಪ್ರಾಯವೇನೂ ಬದಲಾಗಲಿಲ್ಲ.

ಐರನ್ ಮೇಡನ್ 2009ರಲ್ಲಿ ಮತ್ತೆ ಬೆಂಗಳೂರಿಗೆ ಬಂದಿತ್ತಲ್ಲ, ಅದರ ಜಗಳ ಇನ್ನೂ ಮುಗಿದಿಲ್ಲ. ಎರಡಕ್ಕೂ ಹೋದವರ ತಲೆಯಲ್ಲಿ ಎರಡೂ ಕಲಸಿಹೋಗಿವೆ. ಯಾವ ಹಾಡು ಯಾವ ವರ್ಷದ್ದು ಎಂದು ವಾದ ಎದ್ದರೆ ನಡುರಾತ್ರಿಯಾದರೂ ಫೋನು ಟಿಂಗ್ ಎನ್ನುತ್ತಲೇ ಇರುತ್ತದೆ.

ಹೊಸಬರು ಎಲ್ಲಿಂದ ಶುರುಮಾಡಬೇಕು? ಮಲಯಾಳ ಕಿವಿಗೆ ಬಿದ್ದೇ ಬೆಳೆದವರು ನಾವು; ತಿರುವನಂತಪುರದ ಅವಿಯಲ್ ತಂಡದ 2008ರ ಆಲ್ಬಮ್ಮಿನಿಂದ ಆರಂಭಿಸಿ, ಮಲಯಾಳದ ಮಾತುಗಳ ಬೆನ್ನಿಗೇ ಗಿಟಾರ್ ಹೇಗೆ ಮೇಲೇರುತ್ತದೆ ಕೇಳಿ. ಅದೇ ವರ್ಷದ ರಘು ದೀಕ್ಷಿತರ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದವೊಂದಿದೆ, ಅದು ಎರಡನೆಯದಾಗಲಿ. ಮೆಟಾಲಿಕಾಕ್ಕೆ ಆಮೇಲೆ ಬನ್ನಿ, ಮನೆಯಲ್ಲಿ ಯಾರೂ ಮಲಗಿಲ್ಲದ ಹೊತ್ತು ನೋಡಿಕೊಂಡು.

ನಮಸ್ಕಾರ.