ಈಟಿ, ಗುರಾಣಿ ಮತ್ತು ಮಾರ್ಕ್ಸ್‌ವಾದ: ಚೀನಾ ಒಂದು ಪದವನ್ನು ತನ್ನದಾಗಿಸಿಕೊಂಡ ಬಗೆ

ನಮಸ್ಕಾರ. ಕಾರ್ಖಾನೆಯ ಕಾರ್ಮಿಕರೇ ಕ್ರಾಂತಿಯ ಮುಂದಾಳುಗಳು ಎಂದು ಸಾರಿದ ಯುರೋಪಿನ ಸಿದ್ಧಾಂತವೊಂದು ರೈತರೇ ತುಂಬಿದ್ದ ಚೀನಾದಲ್ಲಿ ಬೇರೂರಿದ್ದಾದರೂ ಹೇಗೆ ಎಂದು ವೀಕ್ಷಕರೊಬ್ಬರು ಕೇಳಿದ್ದರು. ಉತ್ತರ ಹುಡುಕುತ್ತಾ ಹೋದ ನಾನು ಒಂದೇ ಒಂದು ಪದದ ಬಳಿ ನಿಂತುಬಿಟ್ಟೆ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1920ರಲ್ಲಿ ಚೆನ್ ವಾಂಗ್‌ದಾವೊ ಕಮ್ಯುನಿಸ್ಟ್ ಪ್ರಣಾಳಿಕೆಯನ್ನು ಮೊದಲ ಬಾರಿಗೆ ಪೂರ್ತಿಯಾಗಿ ಚೀನೀ ಭಾಷೆಗೆ ತಂದರು. ಮರುವರ್ಷ ಚೀನಾದ ಕಮ್ಯುನಿಸ್ಟ್ ಪಕ್ಷ ಹುಟ್ಟಿತು. 1927ರಲ್ಲಿ ರಾಷ್ಟ್ರೀಯವಾದಿ ಪಕ್ಷವಾದ ಕೊಮಿಂಟಾಂಗ್ ನಡೆಸಿದ ದಮನದಿಂದಾಗಿ ಅದು ನಗರ ಬಿಟ್ಟು ಹಳ್ಳಿಗಾಡು ಸೇರಬೇಕಾಯಿತು. 1938ರ ಅಕ್ಟೋಬರ್‌ನಲ್ಲಿ ಪಕ್ಷದ ನೆಲೆಯಾಗಿದ್ದ ಯೆನಾನ್‌ನ ಸಭೆಯಲ್ಲಿ ನಾಯಕ ಮಾವೋ ‘ಮಾರ್ಕ್ಸ್‌ವಾದದ ಚೀನೀಕರಣ’, ಅಂದರೆ ಆ ಸಿದ್ಧಾಂತವನ್ನು ಚೀನಾದ ಪರಿಸ್ಥಿತಿಗೆ ಹೊಂದಿಸುವುದು, ಎಂಬ ಮಾತನ್ನು ಮುಂದಿಟ್ಟರು.

[ತೆರೆಯ ಮೇಲೆ: ಒಂದು ಈಟಿ, ಒಂದು ಗುರಾಣಿ]

ಈಗ ಆ ಪದಕ್ಕೆ ಬರೋಣ. ಮಾರ್ಕ್ಸ್‌ವಾದದ ಜೀವನಾಡಿಯಾದ ‘ವೈರುಧ್ಯ’ವನ್ನು ಚೀನೀಯರು ‘ಮಾವೊದುನ್’ ಎನ್ನುತ್ತಾರೆ. ಮಾವೊ ಎಂದರೆ ಈಟಿ, ದುನ್ ಎಂದರೆ ಗುರಾಣಿ. ನಾಯಕನ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ; ಉಚ್ಚಾರ ಒಂದೇ ಆದರೂ ಅಕ್ಷರಗಳು ಬೇರೆ. ಪದದ ಮೂಲ ಕ್ರಿಸ್ತಪೂರ್ವ 3ನೇ ಶತಮಾನದ ಚಿಂತಕ ಹಾನ್ ಫೈ ಹೇಳಿದ ಕತೆ. ಚೂ ರಾಜ್ಯದ ವ್ಯಾಪಾರಿಯೊಬ್ಬ ಗುರಾಣಿಯನ್ನು ಎತ್ತಿ ಹಿಡಿದು, ಇದನ್ನು ಯಾವ ಆಯುಧವೂ ಭೇದಿಸಲಾರದು ಎಂದು ಹೊಗಳಿದ. ಆಮೇಲೆ ಈಟಿಯನ್ನು ಕೈಗೆತ್ತಿಕೊಂಡು, ಇದು ಭೇದಿಸದ ವಸ್ತುವೇ ಇಲ್ಲ ಎಂದ. ಆಗ ಒಬ್ಬರು, ‘ಈ ಈಟಿಯಿಂದ ಈ ಗುರಾಣಿಗೇ ತಿವಿದರೆ ಏನಾಗುತ್ತದೆ?’ ಎಂದು ಕೇಳಿದರು. ವ್ಯಾಪಾರಿಯ ಬಾಯಿ ಕಟ್ಟಿಹೋಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕತೆ ಮುಂದೆ ಪಡೆದ ತಿರುವು. ಹಾನ್ ಫೈ ಹೇಳಿದ್ದು ಆ ಎರಡು ಮಾತು ಒಟ್ಟಿಗೆ ನಿಜವಾಗಲಾರವು ಎಂದು. ಮಾರ್ಕ್ಸ್‌ವಾದ ಹೇಳುವುದು ಇದಕ್ಕೆ ತದ್ವಿರುದ್ಧ: ಎದುರುಬದುರಾದ ಎರಡು ಶಕ್ತಿಗಳು ಒಂದೇ ವಸ್ತುವಿನೊಳಗೆ ಒಟ್ಟಿಗೇ ಇರುತ್ತವೆ, ಅವುಗಳ ತಿಕ್ಕಾಟದಿಂದಲೇ ಆ ವಸ್ತು ಬದಲಾಗುತ್ತದೆ. ಹಳೆಯ ಪದ ಹಾಗೆಯೇ ಉಳಿದು ಹೊಸ ಅರ್ಥವನ್ನು ಹೊತ್ತುಕೊಂಡಿತು. ಓದುಬರಹ ಕಡಿಮೆಯಿದ್ದವರಿಗೂ ಈಟಿ, ಗುರಾಣಿ ಕಣ್ಣಿಗೆ ಕಟ್ಟುವಂಥ ವಸ್ತುಗಳೇ. ಕನ್ನಡದ ‘ವೈರುಧ್ಯ’ ನಿಖರವಾದ ಪದವೇ ಹೌದು, ಆದರೆ ಅದರೊಳಗೆ ಇಂಥ ಕತೆಯೊಂದು ಕುಳಿತಿಲ್ಲ.

1937ರ ಜುಲೈನಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧ ಆರಂಭಿಸಿತು. ಮರುತಿಂಗಳೇ ಮಾವೋ ವೈರುಧ್ಯವನ್ನು ಕುರಿತ ಪ್ರಬಂಧವನ್ನು ಬರೆದರು. ಸಮಾಜದಲ್ಲಿ ಅನೇಕ ವೈರುಧ್ಯಗಳಿದ್ದರೂ ಒಂದೊಂದು ಘಟ್ಟದಲ್ಲಿ ಒಂದು ಮಾತ್ರ ಪ್ರಧಾನವಾಗಿರುತ್ತದೆ, ಉಳಿದವು ಅದರ ಹಿಂದೆ ನಡೆಯುತ್ತವೆ ಎಂಬುದು ಅವರ ವಾದ. ಜಪಾನ್ ಪ್ರಧಾನ ವೈರುಧ್ಯವಾದರೆ, ಹತ್ತು ವರ್ಷ ಕಮ್ಯುನಿಸ್ಟರನ್ನು ಬೇಟೆಯಾಡಿದ ಕೊಮಿಂಟಾಂಗ್ ಜತೆಗೂ ಕೈಜೋಡಿಸಬಹುದು. ಪರಿಸ್ಥಿತಿಗೆ ತಕ್ಕಂತೆ ಸಿದ್ಧಾಂತವನ್ನು ಹೊಂದಿಸಿಕೊಳ್ಳುವುದೆಂದರೆ ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ಪ್ರಧಾನ ವೈರುಧ್ಯ ಯಾವುದೆಂದು ತೀರ್ಮಾನಿಸುವವರು ಯಾರು? ಇಲ್ಲಿ ಮನಸ್ಸು ಭಾರವಾಗುತ್ತದೆ. 1957ರ ಫೆಬ್ರುವರಿಯಲ್ಲಿ ಮಾವೋ, ಜನರ ನಡುವಿನ ವೈರುಧ್ಯ ಬೇರೆ, ಶತ್ರುವಿನೊಂದಿಗಿನ ವೈರುಧ್ಯ ಬೇರೆ ಎಂದು ವಿಂಗಡಿಸಿದರು. ಮೊದಲನೆಯದನ್ನು ಚರ್ಚೆಯಿಂದ, ಮನವೊಲಿಕೆಯಿಂದ ಪರಿಹರಿಸಬೇಕು ಎಂದರು. ಆ ಮಾತನ್ನು ನಂಬಿ ಅನೇಕರು ಪಕ್ಷದ ಲೋಪಗಳನ್ನು ಬಿಚ್ಚಿಟ್ಟರು. ಅದೇ ವರ್ಷ ಆರಂಭವಾದ ಬಲಪಂಥೀಯ ವಿರೋಧಿ ಅಭಿಯಾನದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಂದಿಗೆ ‘ಬಲಪಂಥೀಯ’ ಎಂಬ ಹಣೆಪಟ್ಟಿ ಬಿತ್ತು. ನಿನ್ನೆಯವರೆಗೆ ಜನರಾಗಿದ್ದವರು ಇಂದು ಶತ್ರುಗಳಾದರು. ಈ ಅಧ್ಯಾಯವನ್ನು ಬಿಟ್ಟು ಚೀನೀಕರಣವನ್ನು ಬರೀ ಜಾಣತನದ ಕತೆಯಾಗಿ ಹೇಳುವುದು ಆ ಜನರಿಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಪ್ರಧಾನ ವೈರುಧ್ಯ ಯಾವುದು ಎಂಬುದಕ್ಕೆ 1956ರ ಪಕ್ಷದ ಮಹಾಧಿವೇಶನ ಹಿಂದುಳಿದ ಉತ್ಪಾದನೆಯ ಕಡೆಗೆ ಬೆರಳು ತೋರಿತ್ತು. ಮಾವೋ ಅದನ್ನು ಬದಿಗೊತ್ತಿ ವರ್ಗಸಂಘರ್ಷವನ್ನೇ ಮುಂದೆ ತಂದರು. ಅವರು ತೀರಿಕೊಂಡ ಐದು ವರ್ಷಗಳ ಮೇಲೆ, 1981ರಲ್ಲಿ, ಪಕ್ಷ ಮತ್ತೆ ಹಳೆಯ ಜಾಗಕ್ಕೇ ಮರಳಿ, ಜನರ ಬೆಳೆಯುತ್ತಿರುವ ಅಗತ್ಯಗಳಿಗೂ ಹಿಂದುಳಿದ ಉತ್ಪಾದನೆಗೂ ನಡುವಿನ ತಿಕ್ಕಾಟವೇ ಪ್ರಧಾನ ಎಂದು ಘೋಷಿಸಿತು. ಮಾರುಕಟ್ಟೆ ಸುಧಾರಣೆಗಳಿಗೆ ಸೈದ್ಧಾಂತಿಕ ನೆಲೆ ದೊರೆತದ್ದು ಹೀಗೆ. 2017ರಲ್ಲಿ ಷಿ ಜಿನ್‌ಪಿಂಗ್ ಈ ವಾಕ್ಯವನ್ನು ಮತ್ತೆ ತಿದ್ದಿದರು. ‘ಹಿಂದುಳಿದ ಉತ್ಪಾದನೆ’ ಇದ್ದ ಕಡೆ ಈಗ ‘ಅಸಮತೋಲನದ, ಸಾಕಷ್ಟಿಲ್ಲದ ಅಭಿವೃದ್ಧಿ’ ಎಂದಿದೆ. ‘ಅಗತ್ಯಗಳು’ ಎಂಬುದರ ಜತೆಗೆ ‘ಉತ್ತಮ ಬದುಕು’ ಎಂಬ ಮಾತು ಸೇರಿದೆ.